ಹಳೆಯ ಬೆಂಗಳೂರಿನಲ್ಲಿ ಸೂರಿನ ಕೊರತೆ: ವಠಾರದಿಂದ ಆಶ್ರಯ ಕೇಂದ್ರದವರೆಗೆ

ಬೆಂಗಳೂರಿನ ವಸತಿ ಸಮಸ್ಯೆಯ ಮಾತು ಬಂದೊಡನೆ ಚರ್ಚೆ ಸಾಮಾನ್ಯವಾಗಿ ನಗರದ ಅಂಚಿಗೆ ಹರಿಯುತ್ತದೆ. ಹೊಸ ಬಡಾವಣೆಗಳು, ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡ ಅಪಾರ್ಟ್‌ಮೆಂಟುಗಳು, ಖಾತೆಯಾಗದ ನಿವೇಶನಗಳು ಇವೇ ಸುದ್ದಿಯಾಗುತ್ತವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹೆಸರು ಇಂಥ ಚರ್ಚೆಯಲ್ಲಿ ಬರುವುದು ಅಪರೂಪ. ಬಂದರೂ ಸಾಲುಮರ, ಹೆಂಚಿನ ಮನೆ, ಬೆಣ್ಣೆದೋಸೆ, ಕಾಫಿಗಳ ಸ್ಮರಣೆಯ ಜೊತೆಯಲ್ಲಿ ಬರುತ್ತವೆ. ಆದರೆ ಈ ಬಡಾವಣೆಗಳು ರೂಪುಗೊಂಡದ್ದೇ ವಸತಿಯ ಇಕ್ಕಟ್ಟಿಗೆ ಉತ್ತರವಾಗಿ ಎಂಬುದನ್ನೂ, ಇಂದು ಕಡಿಮೆ ಆದಾಯದವರು ಅತಿ ವೇಗವಾಗಿ ಜಾಗ ಕಳೆದುಕೊಳ್ಳುತ್ತಿರುವ ಪ್ರದೇಶಗಳಲ್ಲಿ ಇವೂ ಸೇರಿವೆ ಎಂಬುದನ್ನೂ ಮರೆಯಲಾಗದು.

ಈ ಮೂರೂ ಪ್ರದೇಶಗಳಿಗೆ ಬೆಳೆಯಲು ನೆಲವಿಲ್ಲ. ಸಮುದ್ರದ ನಡುವಿನ ದ್ವೀಪಕ್ಕೆ ನೀರು ಹೇಗೋ, ಇವುಗಳಿಗೆ ಸುತ್ತಲಿನ ನಗರ ಹಾಗೆ. ಇರುವ ನೆಲ ಇಷ್ಟೇ, ಅದನ್ನು ಬೇಡುವ ಕೈಗಳು ಮಾತ್ರ ಹೆಚ್ಚುತ್ತಲೇ ಇವೆ. ಯಾರಿಗಾದರೂ ಹೊಸದಾಗಿ ಮನೆಯಾಗಬೇಕಾದರೆ ಅಲ್ಲಿ ಈಗಾಗಲೇ ಇರುವ ಇನ್ನಾರೋ ಜಾಗ ಬಿಡಬೇಕು. ಕಳೆದ ಮೂವತ್ತು ವರ್ಷಗಳಲ್ಲಿ ಹೀಗೆ ಜಾಗ ಬಿಟ್ಟವರು ಯಾರು, ಅವರು ಎಲ್ಲಿಗೆ ಹೋದರು, ಅವರಿಗಾಗಿ ಕಾನೂನು ಏನು ಹೇಳುತ್ತದೆ ಎಂಬುದು ಈ ಲೇಖನದ ವಸ್ತು.

ಪ್ಲೇಗ್ ಮತ್ತು ಹೊಸ ಬಡಾವಣೆಗಳು

1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. ಒತ್ತೊತ್ತಾಗಿ ಮನೆಗಳಿದ್ದ ಪೇಟೆ ಪ್ರದೇಶ ತತ್ತರಿಸಿತು. 1891ರ ಜನಗಣತಿಯಲ್ಲಿ ನಗರ ಮತ್ತು ದಂಡು ಎರಡೂ ಸೇರಿ ಸುಮಾರು 1.80 ಲಕ್ಷವಿದ್ದ ಜನಸಂಖ್ಯೆ 1901ರ ವೇಳೆಗೆ 1.59 ಲಕ್ಷಕ್ಕೆ ಇಳಿದಿತ್ತು. ಸತ್ತವರ ಜೊತೆಗೆ ಊರು ಬಿಟ್ಟವರೂ ಈ ವ್ಯತ್ಯಾಸದಲ್ಲಿ ಸೇರಿದ್ದಾರೆ. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ವಾಸವೇ ರೋಗಕ್ಕೆ ಮನೆಮಾಡಿಕೊಟ್ಟಿತೆಂದು ಆಡಳಿತ ತೀರ್ಮಾನಿಸಿತು. ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಚಾಮರಾಜಪೇಟೆ 1890ರ ದಶಕದ ಆರಂಭದಲ್ಲೇ ರೂಪುಗೊಂಡಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆಗಳೂ ಪ್ಲೇಗಿಗೆ ಮುಂಚಿನವೇ. ಆದರೆ ಜನರು ಪೇಟೆ ಬಿಟ್ಟು ಅಲ್ಲಿಗೆ ಹೋಗುವಂತೆ ಮಾಡಿದ್ದು ಈ ಪಿಡುಗು.

ನೇರವಾದ ರಸ್ತೆಗಳು, ಅಡ್ಡರಸ್ತೆಗಳು, ಮನೆಗಳ ಹಿಂದೆ ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ನಡುನಡುವೆ ಬಯಲು: ಅಂದಿನ ಮಟ್ಟಿಗೆ ಇದು ಆಧುನಿಕವಾದ ಯೋಜನೆ. ಆದರೆ ನಿವೇಶನಗಳನ್ನು ಹಂಚಿದ ರೀತಿ ಆಧುನಿಕವಾಗಿರಲಿಲ್ಲ. ಬೇರೆ ಬೇರೆ ಜಾತಿ ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಗುರುತಿಸಲಾಗಿತ್ತು. ನಿವೇಶನ ಕೊಂಡು ಮನೆ ಕಟ್ಟಿಸುವ ಶಕ್ತಿ ಇದ್ದವರಾದರೂ ಯಾರು? ಸರ್ಕಾರಿ ನೌಕರರು, ವಕೀಲರು, ವರ್ತಕರು. ಗಲ್ಲಿಯಲ್ಲಿ ನಡೆದು ಮಲ ಹೊತ್ತವರಿಗೆ ಈ ನಕ್ಷೆಯಲ್ಲಿ ದಾರಿಯಿತ್ತು, ನಿವೇಶನವಿರಲಿಲ್ಲ.

1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಸ್ಥಾಪನೆಯಾಯಿತು. ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂಬ ಕೀರ್ತಿ ಅದರದು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂದಿತು, 1976ರಲ್ಲಿ ಅದರ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಜಯನಗರ, ರಾಜಾಜಿನಗರಗಳು 1940ರ ದಶಕದ ಕೊನೆಯಲ್ಲಿ ಹುಟ್ಟಿದವು. ಇಷ್ಟು ಸಂಸ್ಥೆಗಳು ಬದಲಾದರೂ ನೀತಿಯ ತಿರುಳು ಒಂದೇ ಆಗಿ ಉಳಿಯಿತು: ಭೂಮಿ ಸ್ವಾಧೀನಪಡಿಸಿಕೊಳ್ಳುವುದು, ನಿವೇಶನ ಮಾಡುವುದು, ಹಂಚುವುದು. ಬೆಂಗಳೂರಿಗನ ಮನಸ್ಸಿನಲ್ಲಿ ವಸತಿ ಎಂದರೆ ಸೈಟು ಎಂದಾದದ್ದು ಹೀಗೆ. ಸರ್ಕಾರವೇ ಮನೆ ಕಟ್ಟಿ ಕಡಿಮೆ ಬಾಡಿಗೆಗೆ ಕೊಡುವ ಪದ್ಧತಿ ನೌಕರರ ವಸತಿಗೃಹಗಳಿಂದಾಚೆಗೆ ಬೇರೂರಲಿಲ್ಲ. ಕಾರ್ಮಿಕರ ವಸತಿಗಾಗಿ 1949ರಲ್ಲಿ ಮೈಸೂರು ಸರ್ಕಾರ ಒಂದು ನಿಗಮವನ್ನು ಹುಟ್ಟುಹಾಕಿತ್ತು. 1962ರ ಗೃಹ ಮಂಡಳಿ ಕಾಯ್ದೆಯ ನಂತರ ಅದರ ಕೆಲಸ ಗೃಹ ಮಂಡಳಿಗೆ ಸೇರಿತು, ಮಂಡಳಿಯೂ ಕ್ರಮೇಣ ಮಾರಾಟದ ದಾರಿಯನ್ನೇ ಹಿಡಿಯಿತು.

ವಠಾರವೆಂಬ ವ್ಯವಸ್ಥೆ

ಸರ್ಕಾರ ಮಾಡದ ಕೆಲಸವನ್ನು ಈ ಬಡಾವಣೆಗಳಲ್ಲಿ ಬಹುಕಾಲ ವಠಾರಗಳು ಮಾಡಿದವು. ಓದುಗರಲ್ಲಿ ಅನೇಕರು, ಅಥವಾ ಅವರ ತಂದೆ ತಾಯಂದಿರು, ವಠಾರದಲ್ಲಿ ಬಾಳಿದವರೇ ಆಗಿರುತ್ತಾರೆ. ಒಂದು ಅಂಗಳ, ಅದರ ಎರಡೂ ಬದಿಗೆ ಸಾಲಾಗಿ ಐದಾರು ಮನೆಗಳು, ಪ್ರತಿಯೊಂದಕ್ಕೂ ಒಂದು ಹಜಾರ, ಒಂದು ಅಡುಗೆಮನೆ. ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೋ ಎರಡೋ ಬಚ್ಚಲು. ಮಾಲೀಕನ ಮನೆ ರಸ್ತೆಯ ಕಡೆಗೆ. ದೊಡ್ಡ ನಿವೇಶನಗಳಲ್ಲಿ ಹಿತ್ತಿಲ ಔಟ್‌ಹೌಸು, ಮಹಡಿಯ ಮೇಲಿನ ಕೋಣೆ, ಕಾರಿಲ್ಲದ ಕಾರ್ ಶೆಡ್ಡು ಇವೂ ಬಾಡಿಗೆಗೆ ಹೋಗುತ್ತಿದ್ದವು. ಶಾಲಾ ಮಾಸ್ತರರು, ಅಚ್ಚುಕೂಟದ ಮೊಳೆ ಜೋಡಿಸುವವರು, ದೇವಸ್ಥಾನದ ಪರಿಚಾರಕರು, ಹೋಟೆಲಿನ ಅಡುಗೆಯವರು, ವಿಧವೆಯರು, ಊರಿನಿಂದ ಓದಲು ಬಂದ ಹುಡುಗರು ಎಲ್ಲರೂ ಈ ಸಣ್ಣ ಸೂರುಗಳಡಿ ಬಾಳಿದರು. ಶ್ರೀಮಂತರ ಬಡಾವಣೆಯ ಒಳಗೇ ಬಡವರೂ ಇರಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ.

ಇದನ್ನು ಸುವರ್ಣಯುಗವೆಂದು ಕರೆಯುವವರು ಬೆಳಗಿನ ಆರು ಗಂಟೆಗೆ ಒಂದೇ ಬಚ್ಚಲಿನ ಮುಂದೆ ನಿಂತವರನ್ನು ಕೇಳಿ ನೋಡಬೇಕು. ಜಾತಿ ಕೇಳದೆ ಬಾಡಿಗೆಗೆ ಕೊಡುತ್ತಿದ್ದ ವಠಾರಗಳು ಕಡಿಮೆ. ಮಾಂಸಾಹಾರಿಗಳಿಗೆ, ಮುಸ್ಲಿಮರಿಗೆ, ದಲಿತರಿಗೆ ಬಾಗಿಲು ಮುಚ್ಚಿದ್ದ ಬೀದಿಗಳು ಅಂದೂ ಇದ್ದವು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕಗಳು ಇಂದಿಗೂ ಕಣ್ಮರೆಯಾಗಿಲ್ಲ. ಹಾಗಾಗಿ ಬೆಲೆಗೆ ಎಟುಕುವ ಮನೆ ಇದ್ದರೂ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಬಸವನಗುಡಿಯಲ್ಲಿ ದುಡಿಯುವವರು ಗವಿಪುರ, ಗುಟ್ಟಹಳ್ಳಿಗಳಲ್ಲಿ, ಚಾಮರಾಜಪೇಟೆಯಲ್ಲಿ ದುಡಿಯುವವರು ಪಾದರಾಯನಪುರ, ಗೋರಿಪಾಳ್ಯ, ಜಗಜೀವನರಾಂ ನಗರಗಳಲ್ಲಿ ಇಕ್ಕಟ್ಟಾಗಿ ನೆಲೆಸಿದ್ದಕ್ಕೆ ಹಣವೊಂದೇ ಕಾರಣವಲ್ಲ.

ಕಾನೂನಿನ ಪಾತ್ರವನ್ನೂ ಇಲ್ಲಿ ಹೇಳಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆದಾರರಿಗೆ ಬಲವಾದ ರಕ್ಷಣೆ ನೀಡಿತ್ತು. ಬಾಡಿಗೆ ಏರಿಸುವುದೂ ತೆರವು ಮಾಡಿಸುವುದೂ ಕಷ್ಟವಾದ ಕಾರಣ ಮಾಲೀಕರು ದುರಸ್ತಿಯನ್ನೇ ಬಿಟ್ಟರು. ಹೆಂಚು ಸೋರಿತು, ಗೋಡೆ ಬಿರುಕುಬಿಟ್ಟಿತು, ಮೊಕದ್ದಮೆಗಳು ಎರಡು ತಲೆಮಾರಿನವರೆಗೆ ಎಳೆದವು. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದು ಚಿತ್ರವನ್ನು ಬದಲಿಸಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ವಾಸದ ಮನೆಗಳು ಅದರ ವ್ಯಾಪ್ತಿಯಿಂದ ಹೊರಗೆ ಉಳಿದವು. ಬಾಡಿಗೆದಾರ ತೀರಿಕೊಂಡರೆ ಅವನ ಹಕ್ಕು ಅವಲಂಬಿತ ವಾರಸುದಾರರಿಗೆ 5 ವರ್ಷಗಳ ಕಾಲ ಮಾತ್ರ ಮುಂದುವರಿಯುತ್ತದೆ ಎಂಬ ನಿಬಂಧನೆ ಬಂದಿತು. ಆಗ ಅದು ನ್ಯಾಯವೆಂದೇ ಬಹುಮಂದಿಗೆ ತೋರಿತು, ಮಾಲೀಕನ ಆಸ್ತಿಯೂ ಆಸ್ತಿಯೇ ಅಲ್ಲವೇ. ಆದರೆ ಗಂಡ ತೀರಿದ ಮೇಲೆ ಐದು ವರ್ಷಕ್ಕೆ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ವಠಾರ ಬಿಡಬೇಕಾದ ಹೆಂಗಸರಿಗೆ ಬೇರೆ ಮನೆ ಎಲ್ಲಿ ಎಂಬ ಪ್ರಶ್ನೆಗೆ ಕಾಯ್ದೆ ಉತ್ತರ ಕೊಡಲಿಲ್ಲ.

ನಾಲ್ಕು ಅಣ್ಣತಮ್ಮಂದಿರು, ನಾಲ್ಕು ಅಂತಸ್ತು

ವಠಾರ ಅಳಿದದ್ದು ಕಾನೂನಿನಿಂದ ಮಾತ್ರವಲ್ಲ, ಪಾಲುಪಾರಿಕತ್ತಿನಿಂದ. ಮನೆಯ ಹಿರಿಯರು ತೀರಿದ ಮೇಲೆ ಆಸ್ತಿ ನಾಲ್ಕು ಮಕ್ಕಳಿಗೆ ಸೇರುತ್ತದೆ. ಒಬ್ಬರು ಅಮೆರಿಕದಲ್ಲಿ, ಒಬ್ಬರು ಜೆ.ಪಿ. ನಗರದಲ್ಲಿ, ಹಳೆಯ ಮನೆಯಲ್ಲಿ ವಾಸಿಸುವವರು ಯಾರೂ ಇಲ್ಲ. ನಿವೇಶನವನ್ನು ನಾಲ್ಕಾಗಿ ಕತ್ತರಿಸಿದರೆ ಯಾರಿಗೂ ಉಪಯೋಗವಿಲ್ಲ. ಆಗ ಬಿಲ್ಡರ್ ಬರುತ್ತಾನೆ. ಜಂಟಿ ಅಭಿವೃದ್ಧಿ ಕರಾರು ಆಗುತ್ತದೆ: ನೆಲ ಇವರದು, ಕಟ್ಟಡ ಅವನದು, ಫ್ಲಾಟುಗಳಲ್ಲಿ ಪಾಲು. ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಅಂತಸ್ತು. ಅಣ್ಣತಮ್ಮಂದಿರ ನಡುವೆ ಜಗಳವಿಲ್ಲದೆ ಪಾಲಾಯಿತು, ಎಲ್ಲರಿಗೂ ಲಾಭವಾಯಿತು. ಹಿತ್ತಿಲ ಔಟ್‌ಹೌಸಿನಲ್ಲಿದ್ದ ಎರಡು ಸಂಸಾರಗಳು, ಅಂಗಳದ ಸಾಲಿನಲ್ಲಿದ್ದ ಐದು ಸಂಸಾರಗಳು ಮಾತ್ರ ಕರಾರಿನಲ್ಲಿ ಎಲ್ಲಿಯೂ ಇಲ್ಲ. ಹೆಚ್ಚೆಂದರೆ ಅಡ್ವಾನ್ಸ್ ಹಿಂದಿರುಗಿಸಿ ಸ್ವಲ್ಪ ಹಣ ಕೈಗಿಟ್ಟು ಕಳುಹಿಸಿಕೊಡಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ವಿಚಾರವಿದೆ. ಹೊಸ ಕಟ್ಟಡದಲ್ಲಿ ಒಟ್ಟು ಚದರಡಿ ಹೆಚ್ಚಿರುತ್ತದೆ, ಸಂಸಾರಗಳ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ, ಅಥವಾ ಕಡಿಮೆಯೂ ಆಗಬಹುದು. ಹೆಚ್ಚು ಕಟ್ಟಿದರೆ ಮನೆಗಳ ಅಭಾವ ತಾನಾಗಿ ನೀಗುತ್ತದೆ ಎಂಬ ವಾದ ಈ ಬೀದಿಗಳಲ್ಲಿ ಹುಸಿಯಾಗುವುದು ಇದರಿಂದಲೇ. ಮಲ್ಲೇಶ್ವರದ ಅಂಚಿನಲ್ಲಿದ್ದ ಹಳೆಯ ಬಟ್ಟೆ ಗಿರಣಿಯ ಆವರಣದಲ್ಲಿ 2010ರಲ್ಲಿ ಬೃಹತ್ ಮಾಲ್ ತೆರೆಯಿತು. ಮೆಟ್ರೊ ರೈಲು ಸಂಪಿಗೆ ರಸ್ತೆಗೆ 2014ರಲ್ಲಿ ಬಂದಿತು. ಕೃಷ್ಣರಾಜ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳು 2017ರಲ್ಲಿ ತೆರೆದವು. ನಿಲ್ದಾಣದ ಆಸುಪಾಸಿನ ನೆಲದ ಬೆಲೆ ಏರಿತು. ಮೆಟ್ರೊ ಹೆಚ್ಚು ಬೇಕಾದದ್ದು ಕಾರು ಸ್ಕೂಟರು ಇಲ್ಲದವರಿಗೆ. ಅದು ಬಂದಾಗ ಅವರು ಅಲ್ಲಿಂದ ಹೊರಡಬೇಕಾಯಿತು.

ಹೊರಟವರು ಹೊಸ ಬಾಡಿಗೆ ಮನೆ ಹಿಡಿಯುವುದು ಹೇಗೆ? ಬೆಂಗಳೂರಿನ ಕುಖ್ಯಾತ ಪದ್ಧತಿಯಂತೆ 10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕು. ಇತ್ತೀಚೆಗೆ ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿದೆ. ತಿಂಗಳಿಗೆ 15,000 ರೂಪಾಯಿ ದುಡಿಯುವ ಕುಟುಂಬ 8,000 ರೂಪಾಯಿಯ ಮನೆ ಹಿಡಿದರೆ ಮುಂಗಡ 80,000. ಅಂದರೆ ಐದು ತಿಂಗಳಿಗೂ ಮೀರಿದ ಪೂರ್ಣ ಸಂಪಾದನೆ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡವನ್ನು ಎರಡು ತಿಂಗಳಿಗೆ ಮಿತಿಗೊಳಿಸುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಾವೇ ಕಾನೂನು ಮಾಡದ ಹೊರತು ಯಾರನ್ನೂ ಕಟ್ಟಿಹಾಕದು. ಕರಾರು ಪತ್ರಗಳು 11 ತಿಂಗಳಿಗೇ ಏಕೆ ಎಂದು ಕೇಳುವವರಿಗೆ ಉತ್ತರ 1908ರ ನೋಂದಣಿ ಕಾಯ್ದೆಯಲ್ಲಿದೆ: ವರ್ಷಕ್ಕೆ ಮೇಲ್ಪಟ್ಟ ಗುತ್ತಿಗೆಗೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು 11.

ಮತ್ತೊಂದು ದಾರಿ ಭೋಗ್ಯ, ಇಂದಿನ ಮಾತಿನಲ್ಲಿ ಲೀಸ್. ಹಲವು ಲಕ್ಷ ರೂಪಾಯಿಗಳನ್ನು ಒಮ್ಮೆಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವ ಈ ಏರ್ಪಾಡು ಕೆಳ ಮಧ್ಯಮವರ್ಗಕ್ಕೆ ಅಚ್ಚುಮೆಚ್ಚು. ಚಿನ್ನ ಅಡವಿಟ್ಟು, ಚೀಟಿ ಎತ್ತಿ ಹಣ ಹೊಂದಿಸುತ್ತಾರೆ. ಮಾಲೀಕ ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕಿನವರು ಬಂದು ಬೀಗ ಹಾಕುತ್ತಾರೆ. ನೋಂದಣಿಯಾಗದ ಭೋಗ್ಯದ ಪತ್ರ ಹಿಡಿದವರಿಗೆ ಆಗ ಮನೆಯೂ ಇಲ್ಲ, ಹಣವೂ ಇಲ್ಲ. ಭೋಗ್ಯಕ್ಕೆ ಹೋಗುವವರು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡುವುದು, ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಅತ್ಯಗತ್ಯ. ಖರ್ಚು ಹೆಚ್ಚೆಂದು ಬಹುಮಂದಿ ಇದನ್ನು ಬಿಡುತ್ತಾರೆ.

ಬೀದಿಯಲ್ಲಿ ಮಲಗುವವರು ಯಾರು

ಮನೆ ಕಳೆದುಕೊಂಡವರೆಲ್ಲ ಬೀದಿಗೆ ಬೀಳುವುದಿಲ್ಲ. ಹೆಚ್ಚಿನವರು ದೂರದ ಬಡಾವಣೆಗಳಿಗೆ, ಊರಿಗೆ, ಮಕ್ಕಳ ಮನೆಯ ಮೂಲೆಗೆ ಹೋಗುತ್ತಾರೆ. ಬೀದಿಯಲ್ಲಿ ಮಲಗುವವರ ಕಥೆ ಬೇರೆ. ಚಾಮರಾಜಪೇಟೆಗೆ ಅಂಟಿಕೊಂಡಂತಿರುವ ಕೃಷ್ಣರಾಜ ಮಾರುಕಟ್ಟೆ ಮತ್ತು ಕಲಾಸಿಪಾಳ್ಯದ ಸುತ್ತ ರಾತ್ರಿ ಹನ್ನೊಂದರ ನಂತರ ನಡೆದವರಿಗೆ ಅದು ಗೊತ್ತು. ಹೂವು ತರಕಾರಿಗಳ ಲಾರಿಗಳು ನಸುಕಿಗೆ ಮುಂಚೆಯೇ ಬರುತ್ತವೆ. ಮೂಟೆ ಇಳಿಸುವ ಹಮಾಲಿ ಆ ಹೊತ್ತಿಗೆ ಅಲ್ಲಿರಬೇಕು. ಕೆಂಗೇರಿಯಾಚೆ ಕಡಿಮೆ ಬಾಡಿಗೆಗೆ ಕೋಣೆ ಸಿಕ್ಕೀತು, ಆದರೆ ಆ ಸರಿರಾತ್ರಿಯಲ್ಲಿ ಬಸ್ಸಿಲ್ಲ. ಆದ್ದರಿಂದ ಅವನು ಅಂಗಡಿಯ ಮುಂಗಟ್ಟಿನಲ್ಲೋ ಮೇಲ್ಸೇತುವೆಯ ಕೆಳಗೋ ಮಲಗುತ್ತಾನೆ. ಅವನು ನಿರುದ್ಯೋಗಿಯಲ್ಲ, ಭಿಕ್ಷುಕನೂ ಅಲ್ಲ. ಉದ್ಯೋಗವೇ ಅವನನ್ನು ಅಲ್ಲಿ ಮಲಗಿಸಿದೆ. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಆಸ್ಪತ್ರೆಗಳ ಆವರಣದ ಸುತ್ತ ಮಲಗುವ ರೋಗಿಗಳ ಕಡೆಯವರದು ಇನ್ನೊಂದು ಗುಂಪು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ನೀಲಿ ಟಾರ್ಪಾಲಿನಡಿ ಬದುಕುವ ಕಟ್ಟಡ ಕಾರ್ಮಿಕರು ಮತ್ತೊಂದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮಿನಂತೆ ಕೆಲಸ ಮುಗಿಯುವವರೆಗೆ ಕಾರ್ಮಿಕರಿಗೆ ಉಚಿತ ತಾತ್ಕಾಲಿಕ ವಸತಿ ಕೊಡುವುದು ಮಾಲೀಕನ ಹೊಣೆ. ಮನೆಯಿಂದ ಹೊರಬಿದ್ದ ವೃದ್ಧರು, ಮಾನಸಿಕ ಅಸ್ವಸ್ಥರು, ಗಂಡನ ಹೊಡೆತ ತಾಳದೆ ಮಕ್ಕಳೊಂದಿಗೆ ಬಂದ ಹೆಂಗಸರು ಸಂಖ್ಯೆಯಲ್ಲಿ ಕಡಿಮೆ ಇರಬಹುದು, ಸಂಕಟದಲ್ಲಿ ಅಲ್ಲ.

ಇವರೆಷ್ಟು ಮಂದಿ? 2011ರ ಜನಗಣತಿಯಲ್ಲಿ ಫೆಬ್ರವರಿ 28ರ ಒಂದೇ ರಾತ್ರಿ ವಸತಿರಹಿತರ ಎಣಿಕೆ ನಡೆಯಿತು. ದೇಶದಲ್ಲಿ 17.73 ಲಕ್ಷ, ಕರ್ನಾಟಕದಲ್ಲಿ ಸುಮಾರು 76,700 ಎಂಬ ಲೆಕ್ಕ ಬಂದಿತು. ಒಂದು ರಾತ್ರಿಯಲ್ಲಿ, ಕತ್ತಲಲ್ಲಿ, ಪೊಲೀಸರೆಂದು ಹೆದರಿ ಎದ್ದು ಹೋಗುವ ಜನರನ್ನು ಎಣಿಸುವುದು ಎಷ್ಟು ಸರಿಯಾಗಿ ಸಾಧ್ಯ ಎಂಬುದನ್ನು ಓದುಗರೇ ಊಹಿಸಬಹುದು. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೂಡಲ್ಪಟ್ಟಿದ್ದರಿಂದ ಬಹುಕಾಲ ಈ ಹಳೆಯ ಸಂಖ್ಯೆಯೇ ಯೋಜನೆಗಳಿಗೆ ಆಧಾರವಾಯಿತು.

ಹಿಂದೆ ಛತ್ರಗಳಿದ್ದವು. ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಿಂದ ಪ್ರಯಾಣಿಕರಿಗೆ ತಂಗಲು ಜಾಗ ಕೊಟ್ಟಿದೆ. ವಿಶ್ವೇಶ್ವರಪುರದಲ್ಲಿ ಸಜ್ಜನರಾಯರ ಛತ್ರವಿದೆ. ಇಂಥ ಕಟ್ಟಡಗಳಲ್ಲಿ ಹಲವು ಕ್ರಮೇಣ ಮದುವೆ ಮಂಟಪಗಳಾದವು. ‘ಛತ್ರ’ ಎಂದರೆ ಇಂದಿನ ಮಕ್ಕಳಿಗೆ ಮದುವೆ ಊಟದ ನೆನಪೇ ಹೊರತು ದಾರಿಹೋಕನ ನೆನಪಲ್ಲ.

ಕಾನೂನು ಕೊಟ್ಟದ್ದು, ಆಡಳಿತ ಮಾಡಿದ್ದು

1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಹೇಳಿತು. ಆದರೂ ನೋಟಿಸು ಕೊಟ್ಟು ತೆರವು ಮಾಡಬಹುದೆಂದೂ ಅದೇ ತೀರ್ಪು ಒಪ್ಪಿತು. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ರಾತ್ರಿ ತಂಗುದಾಣವೊಂದನ್ನು ಕೆಡವಿದ ಪ್ರಸಂಗದ ನಂತರ, 2001ರಿಂದ ನಡೆಯುತ್ತಿದ್ದ ಆಹಾರ ಹಕ್ಕಿನ ಮೊಕದ್ದಮೆಯಲ್ಲೇ 2010ರಲ್ಲಿ ಸುಪ್ರೀಂ ಕೋರ್ಟು ವಸತಿರಹಿತರ ವಿಷಯವನ್ನು ಕೈಗೆತ್ತಿಕೊಂಡಿತು. ದೊಡ್ಡ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ವರ್ಷದ ಎಲ್ಲ ದಿನ, ದಿನದ 24 ಗಂಟೆ ತೆರೆದಿರಬೇಕು ಎಂಬುದು ಆಗ ನೆಲೆಗೊಂಡ ಮಾನದಂಡ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಆಶ್ರಯ ಯೋಜನೆಯೂ 2013ರಲ್ಲಿ ಇದನ್ನೇ ಒಪ್ಪಿ, ಪ್ರತಿ ವ್ಯಕ್ತಿಗೆ ಕನಿಷ್ಠ 50 ಚದರಡಿ ಜಾಗ ಎಂದು ಗೊತ್ತುಮಾಡಿತು.

2011ರ ಲೆಕ್ಕದಂತೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 84 ಲಕ್ಷ. ಅಂದರೆ 84 ಕೇಂದ್ರಗಳು ಬೇಕಿದ್ದವು. ಆ ದಶಕವಿಡೀ ನಗರದಲ್ಲಿದ್ದ ಕೇಂದ್ರಗಳ ಸಂಖ್ಯೆ ಅದರ ಹತ್ತಿರಕ್ಕೂ ಬರಲಿಲ್ಲ. ಸಂಖ್ಯೆಗಿಂತಲೂ ಜಾಗದ ಆಯ್ಕೆ ಮುಖ್ಯ. ಮಾರುಕಟ್ಟೆಯ ಹಮಾಲಿಗೆ ಐದು ಕಿಲೋಮೀಟರ್ ದೂರದ ಕೇಂದ್ರದಲ್ಲಿ ಹಾಸಿಗೆ ಇದ್ದರೂ ಇಲ್ಲದಂತೆಯೇ. ಗುರುತಿನ ಚೀಟಿ ಕೇಳಿದರೆ ಅರ್ಧ ಮಂದಿ ಹಿಂದಿರುಗುತ್ತಾರೆ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರಲು ಅವಕಾಶವಿಲ್ಲದಿದ್ದರೆ ಆ ಸಂಸಾರ ಮತ್ತೆ ಬೀದಿಯನ್ನೇ ಆರಿಸಿಕೊಳ್ಳುತ್ತದೆ. ಸಾಮಾನು ಇಡಲು ಬೀಗವಿರುವ ಪೆಟ್ಟಿಗೆ ಇಲ್ಲದ ಕಡೆ ಕಂಬಳಿಯೂ ಬಟ್ಟೆಗಂಟೂ ಇದ್ದವನು ಬರಲಾರ. ಇವು ಕೋಟಿಗಟ್ಟಲೆ ಖರ್ಚಿನ ವಿಷಯಗಳಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಕಾನೂನೂ ಜೊತೆಗೇ ನಡೆದುಬಂದಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷುಕರೆಂದು ತೋರಿದವರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಬಹುದು. ಕೂಲಿ ಸಿಗದೆ ಕುಳಿತವನಿಗೂ ಭಿಕ್ಷುಕನಿಗೂ ವ್ಯತ್ಯಾಸ ಹಿಡಿಯುವವರ ಕಣ್ಣಿಗೆ ಬಿಟ್ಟದ್ದು. 2010ರ ಆಗಸ್ಟ್‌ನಲ್ಲಿ ಈ ಕೇಂದ್ರದ ನಿವಾಸಿಗಳು ಕೆಲವೇ ದಿನಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ ರಾಜ್ಯವೇ ಬೆಚ್ಚಿಬಿದ್ದಿತು. ಬಸವನಗುಡಿಯ ಮನೆ ಮಾಲೀಕರು ಕಟ್ಟುವ ಆಸ್ತಿ ತೆರಿಗೆಯ ಜೊತೆಯಲ್ಲಿ ಶೇಕಡಾ 3ರಷ್ಟು ಭಿಕ್ಷುಕರ ಕರವೂ ಸೇರಿದೆ ಎಂಬುದು ಎಷ್ಟು ಮಂದಿಗೆ ಗೊತ್ತೋ! ವಸತಿರಹಿತರ ಹೆಸರಿನಲ್ಲಿ ನಗರ ಹಣ ಕೊಡುತ್ತಿಲ್ಲವೆಂಬ ಮಾತು ಅಷ್ಟು ಸರಿಯಲ್ಲ. ಕೊಟ್ಟ ಹಣ ಅವರನ್ನು ಹಿಡಿದಿಡುವುದಕ್ಕೆ ಹೋಗುತ್ತದೆ, ಅವರಿಗೆ ಕೆಲಸದ ಹತ್ತಿರ ಸೂರು ಕೊಡುವುದಕ್ಕಲ್ಲ.

ಕೊಳೆಗೇರಿಗಳ ವಿಷಯದಲ್ಲಿ 1973ರ ಕಾಯ್ದೆಯೂ, ಅದರಡಿ ಬಂದ ಮಂಡಳಿಯೂ ಇವೆ. ಮಂಡಳಿಯ ಹೆಸರಿನಲ್ಲಿದ್ದ ‘ನಿರ್ಮೂಲನ’ ಹೋಗಿ ‘ಅಭಿವೃದ್ಧಿ’ ಬಂದಿದೆ. ಘೋಷಿತ ಕೊಳೆಗೇರಿಯಾದರೆ ಕಾನೂನಿನ ರಕ್ಷಣೆ ಇದೆ, ಹಕ್ಕುಪತ್ರದ ಭರವಸೆ ಇದೆ. ಅಘೋಷಿತವಾದರೆ ಏನೂ ಇಲ್ಲ. 2005ರಿಂದ ನರ್ಮ್ ಯೋಜನೆ, 2015ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ, ನಡುವೆ ರಾಜ್ಯದ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆ ಬಂದವು. ಕೊನೆಯದಕ್ಕೆ ಸಿಕ್ಕ ಜಮೀನು ನಗರದ ಹೊರಗೆ. ಬಸವನಗುಡಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಗವಿಪುರಕ್ಕೆ ನಡೆದು ಹೋಗುವ ಹೆಂಗಸಿಗೆ ಆನೇಕಲ್ ಕಡೆಯಲ್ಲಿ ಫ್ಲಾಟು ಕೊಟ್ಟರೆ ಮನೆ ಸಿಕ್ಕಿತು, ಕೆಲಸ ಹೋಯಿತು. ಕೋರಮಂಗಲದ ಈಜಿಪುರದಲ್ಲಿ ದುರ್ಬಲ ವರ್ಗದವರಿಗೆ ಕಟ್ಟಿದ ವಸತಿಗೃಹಗಳಲ್ಲಿ ಕೆಲವು ಕುಸಿದು, ಆ ನೆಲದ ಒಂದು ಭಾಗ ವಾಣಿಜ್ಯ ಸಂಕೀರ್ಣಕ್ಕೆಂದು ನಿಗದಿಯಾಗಿ, 2013ರ ಜನವರಿಯಲ್ಲಿ ಸಾವಿರಾರು ಮಂದಿಯನ್ನು ತೆರವುಗೊಳಿಸಿದಾಗ ಎಷ್ಟೋ ಕುಟುಂಬಗಳು ಅಲ್ಲೇ ಪಾದಚಾರಿ ಮಾರ್ಗದಲ್ಲಿ ಕುಳಿತವು. ಸರ್ಜಾಪುರದ ಕಡೆಯ ಸೂಲಿಕುಂಟೆಗೆ ಹೋಗಲು ಹಲವರು ಒಪ್ಪದೆ ಇದ್ದುದಕ್ಕೆ ಕಾರಣ ಹಟವಲ್ಲ, ದೂರ.

ಹೊರಗಿನ ಉದಾಹರಣೆಗಳು

ನೆಲವೇ ಇಲ್ಲವೆಂಬ ಮಾತಿಗೆ ನಿಜವಾದ ದ್ವೀಪವೊಂದರ ಉತ್ತರವಿದೆ. ಸಿಂಗಪುರ 1960ರಲ್ಲಿ ವಸತಿ ಮಂಡಳಿ ಸ್ಥಾಪಿಸಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂವರು ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಆದರೆ ಅಲ್ಲಿ ಬಹುಪಾಲು ನೆಲ ಸರ್ಕಾರದ್ದು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹಾಗಿಲ್ಲ. ನಮಗೆ ಹೆಚ್ಚು ಹತ್ತಿರವಾದದ್ದು ಥಾಯ್ಲೆಂಡಿನ ಅನುಭವ. 2003ರಲ್ಲಿ ಆರಂಭವಾದ ‘ಬಾನ್ ಮಂಕಾಂಗ್’ ಯೋಜನೆಯಲ್ಲಿ ಬಡಜನರ ಸಂಘಗಳು ಒಟ್ಟಾಗಿ ಸಾಲ ಪಡೆದು, ಸಾಧ್ಯವಾದ ಕಡೆ ತಾವಿದ್ದ ನೆಲವನ್ನೇ ಮಾಲೀಕನೊಂದಿಗೆ ಹಂಚಿಕೊಂಡು ಮನೆ ಕಟ್ಟಿಕೊಳ್ಳುತ್ತವೆ. ಫಿನ್ಲೆಂಡ್ 2008ರಿಂದ ವಸತಿರಹಿತರಿಗೆ ಮೊದಲು ಕಾಯಂ ಬಾಡಿಗೆ ಮನೆ, ಚಿಕಿತ್ಸೆ ಉದ್ಯೋಗ ಆಮೇಲೆ ಎಂಬ ಕ್ರಮ ಹಿಡಿದು ಬೀದಿವಾಸವನ್ನು ಬಹಳಷ್ಟು ತಗ್ಗಿಸಿತು.

ಭಾರತದ ಅಂಕಿಅಂಶಗಳೇ ಒಂದು ವಿಚಿತ್ರವನ್ನು ಹೇಳುತ್ತವೆ. ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ, ಅದರಲ್ಲಿ ಶೇಕಡಾ 95ಕ್ಕೂ ಹೆಚ್ಚು ಬಡವರ ಮತ್ತು ಅಲ್ಪ ಆದಾಯದವರ ಪಾಲಿನದು ಎಂದು ಕೇಂದ್ರದ ತಾಂತ್ರಿಕ ತಂಡ 2012ರಲ್ಲಿ ಅಂದಾಜಿಸಿತು. 2011ರ ಜನಗಣತಿಯ ಪ್ರಕಾರ ಅವೇ ನಗರಗಳಲ್ಲಿ ಖಾಲಿ ಇದ್ದ ಮನೆಗಳು ಸುಮಾರು 1.1 ಕೋಟಿ. ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳಲು ಆಗದೆಂಬ ಭಯ, ಬಾಡಿಗೆಯಿಂದ ಬರುವ ಅಲ್ಪ ಆದಾಯ, ಬೆಲೆ ಏರುತ್ತದೆಂಬ ನಂಬಿಕೆ ಇವೆಲ್ಲ ಬಾಗಿಲಿಗೆ ಬೀಗ ಹಾಕಿಸುತ್ತವೆ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಸಂಜೆ ದೀಪ ಹತ್ತದ ಮನೆಗಳನ್ನು ಎಣಿಸುವುದು ಕಷ್ಟವಲ್ಲ. 2020ರ ಲಾಕ್‌ಡೌನಿನಲ್ಲಿ ಕಾರ್ಮಿಕರು ಊರಿಗೆ ನಡೆದ ನಂತರ ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಪ್ರಕಟಿಸಿತು. ಚಂಡೀಗಢ, ಸೂರತ್‌ಗಳಲ್ಲಿ ಖಾಲಿ ಇದ್ದ ಸರ್ಕಾರಿ ಮನೆಗಳು ಈ ಯೋಜನೆಯಡಿ ಬಾಡಿಗೆಗೆ ತೆರೆದವು. ಮನೆ ಮಾಲೀಕತ್ವದ ಬದಲು ಬಾಡಿಗೆಯನ್ನು ನೀತಿಯ ಕೇಂದ್ರಕ್ಕೆ ತಂದ ಅಪರೂಪದ ಪ್ರಯತ್ನವಿದು.

ಹಳೆಯ ಬಡಾವಣೆಗಳಲ್ಲಿ ಏನು ಸಾಧ್ಯ

ದೊಡ್ಡ ಯೋಜನೆಗೆ ಇಲ್ಲಿ ನೆಲವಿಲ್ಲ ಎಂಬುದು ನಿಜ. ಸಣ್ಣ ಸಣ್ಣ ಜಾಗಗಳಿವೆ. ಸ್ಥಳೀಯ ಸಂಸ್ಥೆಯ ಮಾರುಕಟ್ಟೆ ಕಟ್ಟಡಗಳ ಮೇಲಂತಸ್ತು, ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಗಳು, ಹಳೆಯ ಆರೋಗ್ಯ ಕೇಂದ್ರಗಳು ಇಪ್ಪತ್ತು ಮೂವತ್ತು ಹಾಸಿಗೆಗಳ ಆಶ್ರಯ ಕೇಂದ್ರಕ್ಕೆ ಸಾಕಾಗುತ್ತವೆ. ಕಾರಿಗೆ ಬಹುಮಹಡಿ ನಿಲುಗಡೆ ಕಟ್ಟಲು ಜಾಗ ಹುಡುಕುವ ನಗರಕ್ಕೆ ಹಮಾಲಿ ಮಲಗಲು ಜಾಗ ಸಿಗುವುದಿಲ್ಲವೆಂದರೆ ಅದು ನೆಲದ ಕೊರತೆಯಲ್ಲ. ಮೆಟ್ರೊ ನಿಲ್ದಾಣದ ಬಳಿ ಹೆಚ್ಚುವರಿ ಅಂತಸ್ತಿಗೆ ಅನುಮತಿ ಕೊಡುವಾಗ ಅದರಲ್ಲಿ ಒಂದಷ್ಟು ಸಣ್ಣ ಬಾಡಿಗೆ ಮನೆಗಳನ್ನು ಷರತ್ತಾಗಿ ಕೇಳಬಹುದು. ಜಂಟಿ ಅಭಿವೃದ್ಧಿಗೆ ನಕ್ಷೆ ಮಂಜೂರು ಮಾಡುವ ಮುನ್ನ ಅಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಬಾಡಿಗೆದಾರರ ಪಟ್ಟಿ ಕೇಳುವುದಕ್ಕೂ ಅಡ್ಡಿ ಕಾಣದು. ಬಿಲ್ಡರುಗಳು ಇದನ್ನು ವಿರೋಧಿಸುತ್ತಾರೆ. ನಿವಾಸಿಗಳ ಸಂಘಗಳೂ ವಿರೋಧಿಸುವ ಸಂಭವವಿದೆ. ಆಶ್ರಯ ಕೇಂದ್ರ ಬೇಕೆಂದು ಒಪ್ಪುವವರು ಅದು ತಮ್ಮ ಅಡ್ಡರಸ್ತೆಯಲ್ಲಿ ಬೇಡವೆನ್ನುವುದು ಹೊಸದಲ್ಲ.

ತುರ್ತಿನ ಸಂದರ್ಭಗಳಿಗೆ ಸಹಾಯವಾಣಿಗಳಿವೆ. ಬೀದಿಯಲ್ಲಿ ಒಂಟಿಯಾಗಿರುವ ಮಗು ಕಂಡರೆ 1098, ಹಿರಿಯ ನಾಗರಿಕರಿಗಾಗಿ 14567, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ 181ಕ್ಕೆ ಕರೆ ಮಾಡಬಹುದು. ಮಕ್ಕಳು ಹೊರಹಾಕಿದ ತಂದೆ ತಾಯಿಗಳು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಜೀವನಾಂಶವಷ್ಟೇ ಅಲ್ಲ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ದಾನಪತ್ರವನ್ನೂ ಅಲ್ಲಿ ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಹಳೆಯ ಬಡಾವಣೆಗಳಲ್ಲಿ ಮನೆಯೊಂದರ ಬೆಲೆ ಕೋಟಿಗಳನ್ನು ಮುಟ್ಟಿರುವಾಗ ಈ ಕಲಮಿನ ಅಗತ್ಯ ಹೆಚ್ಚುತ್ತಲೇ ಇದೆ.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು. ಆಶ್ರಯ ಕೇಂದ್ರಗಳನ್ನು ನಡೆಸುವ ಹೊಣೆ, ಅವಕ್ಕೆ ಕಟ್ಟಡ ಗುರುತಿಸುವ ಅಧಿಕಾರ ಇನ್ನು ಇವುಗಳದು. ಹೊಸ ಪಾಲಿಕೆಗಳ ಆಯವ್ಯಯದಲ್ಲಿ ವಸತಿರಹಿತರಿಗೆಂದು ಎಷ್ಟು ಹಣ, ಯಾವ ವಾರ್ಡಿನ ಯಾವ ಕಟ್ಟಡ ಎಂಬ ಎರಡು ವಿವರಗಳನ್ನು ಆಯಾ ಬಡಾವಣೆಯ ನಿವಾಸಿಗಳು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು; ಮೂವತ್ತು ದಿನಗಳೊಳಗೆ ಉತ್ತರ ಬರಬೇಕು.